ಧರ್ಣಪ್ಪನವರ ಹಗುರ ಡಬ್ಬಿ

ನಮ್ಮೂರಿನಲ್ಲಿ ಯಾರೂ ತಮ್ಮ ಮನೆಯ ಡಬ್ಬಿಯನ್ನು ತಾವು ಹೊರುವುದಿಲ್ಲ. ಬೆಟ್ಟದ ಬುಡದಲ್ಲಿ ಹೊಳೆಯ ಅಂಚಿಗೆ ಸಾಲಾಗಿ ಕಟ್ಟಿದ ದೋಣಿಮನೆಗಳ ಊರು ನಮ್ಮದು. ದಡವೆಂದರೆ ಒಂದು ಕಾಲುದಾರಿಯಷ್ಟೇ ಅಗಲ. ಪ್ರತಿ ಮನೆಯವರೂ ತಮಗಿಂತ ಮೇಲೆ, ಅಂದರೆ ನೀರು ಹರಿದು ಬರುವ ಕಡೆ, ಇರುವ ಮನೆಯ ಡಬ್ಬಿಯನ್ನು ಹೊರುತ್ತಾರೆ. ಎಲ್ಲರಿಗಿಂತ ಮೇಲಿರುವ ಮನೆಯವರು ಬೆಳಿಗ್ಗೆ ಎದ್ದು ಊರನ್ನೆಲ್ಲ ದಾಟಿ ನಡೆದು ಕಟ್ಟಕಡೆಯ ಮನೆಯ ಡಬ್ಬಿಯನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಸುತ್ತು ಮುಗಿಯುತ್ತದೆ. ಹೊರುವುದಕ್ಕೆ ಸಂಬಳವಿಲ್ಲ, ಹೊರದೇ ಇರುವುದಕ್ಕೆ ನೆಪವಿಲ್ಲ. ಜ್ವರ, ಹೆರಿಗೆ, ಸಾವು ಇಂಥ ಸಮಯದಲ್ಲಿ ಮಾತ್ರ ಆಚೀಚೆಯವರು ನೋಡಿಕೊಳ್ಳುತ್ತಾರೆ.

ಡಬ್ಬಿ ಎಂದರೆ ಪಾಯಖಾನೆಯ ಡಬ್ಬಿ. ದೋಣಿಯ ಹಿಂಬದಿಯಲ್ಲಿ ಪರದೆಯ ಮರೆಗೆ ಪುಟ್ಟ ಪೀಠದ ಹಾಗೆ ಕೂತಿರುತ್ತದೆ. ಮೇಲಿನ ಅರ್ಧ ಕೂರುವುದಕ್ಕೆ, ಕೆಳಗಿನ ಅರ್ಧ ತುಂಬುವುದಕ್ಕೆ. ನಡುವಿನ ಜಾರುಮುಚ್ಚಳವನ್ನು ಎಳೆದು ಮುಚ್ಚಿ ಎರಡು ಕೊಂಡಿ ಬಿಚ್ಚಿದರೆ ಕೆಳಗಿನದು ಪೆಟ್ಟಿಗೆಯ ಹಾಗೆ ಕೈಗೆ ಬರುತ್ತದೆ. ಒಳಗೆ ನೀಲಿ ಔಷಧದ ನೀರು ಇರುವುದರಿಂದ ವಾಸನೆ ಅಷ್ಟೇನೂ ಇರುವುದಿಲ್ಲ. ಅದನ್ನು ಹಲಗೆಯ ಮೇಲೆ ದಡಕ್ಕೆ ದಾಟಿಸಿ ಸುರಿಕಟ್ಟೆಯ ತನಕ ಒಯ್ಯಬೇಕು. ಅಲ್ಲಿ ಅಗಲ ಬಾಯಿಯ ಕೊಳವೆಯೊಂದು ನೆಲದೊಳಗಿನ ತೊಟ್ಟಿಗೆ ಇಳಿಯುತ್ತದೆ. ಗಾಳಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಬಗ್ಗಿಸಬೇಕು. ಅವಸರ ಮಾಡಿದರೆ ಗುಳುಗುಳು ಎಂದು ಎಗರಿ ಸೀರೆಯ ಮೇಲೇ ಬೀಳುತ್ತದೆ. ಆಮೇಲೆ ನೀರು ಹಾಕಿ ಕುಲುಕಿ ತೊಳೆದು, ಆ ತೊಳೆದ ನೀರನ್ನೂ ಅದೇ ಕೊಳವೆಗೆ ಸುರಿಯಬೇಕು. ಒಂದು ಹನಿಯೂ ಹೊಳೆಗೆ ಹೋಗಬಾರದು. ನಾವು ಕುಡಿಯುವುದು ಅದೇ ನೀರು, ಅನ್ನ ಬೇಯುವುದು ಅದೇ ನೀರಿನಲ್ಲಿ. ಕೊನೆಗೆ ಒಂದೇ ಒಂದು ಮುಚ್ಚಳ ನೀಲಿ ಔಷಧ ಹಾಕಿ ಡಬ್ಬಿಯನ್ನು ವಾಪಸು ಇಟ್ಟು ಬರಬೇಕು. ಔಷಧ ಹೆಚ್ಚಾದರೆ ತೊಟ್ಟಿಯೊಳಗೆ ಕೊಳೆಯಬೇಕಾದದ್ದು ಕೊಳೆಯುವುದಿಲ್ಲ ಎಂದು ದುಗ್ಗಜ್ಜಿ ಬೈಯುತ್ತಾಳೆ. ಸುರಿಕಟ್ಟೆಯನ್ನು ನೋಡಿಕೊಳ್ಳುವವಳು ಅವಳು. ನೀರಿನ ವಿಷಯದಲ್ಲಿ ಊರಿಗೆ ಅವಳ ಮಾತೇ ಕೊನೆ.

ಇನ್ನೊಂದು ಕಟ್ಟಳೆಯೂ ಇದೆ. ಡಬ್ಬಿಯಿಂದ ಏನೇ ತಿಳಿದರೂ ಹೊರುವವರು ಬಾಯಿ ಬಿಡಬಾರದು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಹೊಟ್ಟೆ ಕೆಟ್ಟಿದೆ, ಯಾರ ಸೊಸೆಗೆ ವಾಂತಿ ಶುರುವಾಗಿದೆ, ಎಲ್ಲ ಕೆಳಮನೆಯವರಿಗೆ ಮೊದಲು ಗೊತ್ತಾಗುತ್ತದೆ. ಗೊತ್ತಾದದ್ದನ್ನೂ ಸುರಿಕಟ್ಟೆಯಲ್ಲೇ ಸುರಿದು ಬರಬೇಕು.

ನನ್ನ ಹೆಸರು ಶಾಂಭವಿ. ದೋಣಿಗಳಿಗೆ ಬೇಕಾದ ಟಾರ್ಪಾಲು, ಪರದೆ, ಹಾಸಿಗೆಯ ಗವಸು ಹೊಲಿಯುವುದು ನನ್ನ ಕೆಲಸ. ಅಮ್ಮ ಹಾಸಿಗೆ ಹಿಡಿದಿದ್ದಾಗ ನನ್ನ ಮದುವೆಯ ಮಾತು ಮುಂದಕ್ಕೆ ಹೋಯಿತು. ಅಮ್ಮ ಹೋದ ಮೇಲೆ ಮಾತು ತೆಗೆಯುವವರೇ ಇರಲಿಲ್ಲ. ಅದಕ್ಕಾಗಿ ನಾನು ಅತ್ತವಳೂ ಅಲ್ಲ. ಮೆಷಿನ್ ತುಳಿಯುತ್ತಾ ಕೂತರೆ ಹೊತ್ತು ಹೋಗುತ್ತದೆ. ನನ್ನ ಕೆಳಮನೆ ಏಡಿ ಹಿಡಿಯುವ ಕೊಗ್ಗಣ್ಣನದು. ನನ್ನ ಡಬ್ಬಿ ಹೊರುವವನು ಅವನು, ಹೊರುವಾಗೆಲ್ಲ ಸೊಂಟ ಹಿಡಿದು ನರಳುವವನೂ ಅವನೇ. ನನ್ನ ಮೇಲ್ಮನೆ ಧರ್ಣಪ್ಪನವರದು.

ಧರ್ಣಪ್ಪನವರು ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ, ರೇಡಿಯೋ ಕೂಡ. ಹೆಂಡತಿ ತೀರಿಕೊಂಡ ಮೇಲೆ ಹೊಳೆಯ ಬೇರೊಂದು ತಿರುವಿನಿಂದ ದೋಣಿ ತಂದು ಇಲ್ಲಿ ಕಟ್ಟಿದವರು. ಉದ್ದನೆಯ ಸಪೂರ ಆಳು. ದೋಣಿಯ ಬಾಗಿಲಿಗೆ ತಲೆ ಹೊಡೆಸಿಕೊಳ್ಳದ ದಿನವಿಲ್ಲ. ರಿಪೇರಿಗೆ ಬಂದ ಪೆಟ್ಟಿಗೆಯಲ್ಲಿ ಒಂದೇ ಹಾಡಿನ ಮೊದಲ ಸಾಲನ್ನು ಮತ್ತೆ ಮತ್ತೆ ನುಡಿಸಿ ನೋಡುವರು, ಎರಡನೆಯ ಸಾಲಿಗೆ ಹೋಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ನಾನು ಅವರ ಡಬ್ಬಿ ಹೊತ್ತಿದ್ದೆ. ಅವರು ತಮ್ಮ ಮೇಲ್ಮನೆಯ ಗಂಡಹೆಂಡಿರ ಡಬ್ಬಿ ಹೊರುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಇಬ್ಬರೂ ತಲೆ ಆಡಿಸುತ್ತಿದ್ದೆವು, ಅಷ್ಟೇ.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಕೊಗ್ಗಣ್ಣನ ಹೆಂಡತಿ ತವರಿಗೆ ಹೋಗಿದ್ದಳು. ಮೆಷಿನಿನ ಶಬ್ದ ನಿಂತದ್ದನ್ನು ಗಮನಿಸಿ ಧರ್ಣಪ್ಪನವರು ಹಲಗೆಯ ಮೇಲೆ ನಿಂತು ಕರೆದರು. ಉತ್ತರ ಬರದೇ ಇದ್ದಾಗ ಒಳಗೆ ಇಣುಕಿ, ಬಾಗಿಲಿಗೆ ತಲೆ ಹೊಡೆಸಿಕೊಂಡು, ವಾಪಸು ಹೋಗಿ ಗಂಜಿ ತಂದರು. ಗಂಜಿ ತಳ ಹಿಡಿದಿತ್ತು. "ಉಪ್ಪು ಸಾಕಾ ನೋಡಿ," ಎಂದು ನೆಲ ನೋಡುತ್ತ ಹೇಳಿದರು. ನನ್ನ ನಾಲಗೆಗೆ ರುಚಿಯೇ ಹತ್ತುತ್ತಿರಲಿಲ್ಲ, ಆದರೂ ಸಾಕು ಎಂದೆ.

ಜ್ವರ ಬಿಟ್ಟ ಮೇಲೂ ಅವರು ಬರುವುದು ಬಿಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಮ್ಮ ದೋಣಿಯ ಅಂಚಿನಲ್ಲಿ ಅವರು, ನನ್ನ ದೋಣಿಯ ಅಂಚಿನಲ್ಲಿ ನಾನು ಕೂತು ಮಾತಾಡುತ್ತಿದ್ದೆವು. ಹಾರ್ಮೋನಿಯಂ ಒಳಗಿನ ತಿದಿಗೆ ಚರ್ಮ ಹಚ್ಚುವುದು ಹೇಗೆ, ಟಾರ್ಪಾಲಿನ ಮೂಲೆಗೆ ಎರಡು ಹೊಲಿಗೆ ಏಕೆ ಬೇಕು, ಇಂಥವೇ ಮಾತು. ಒಂದು ದಿನ ನಾನು, "ಆ ಹಾಡಿನ ಎರಡನೇ ಸಾಲು ಬರೋದಿಲ್ವಾ ನಿಮಗೆ?" ಎಂದು ಕೇಳಿದೆ. ಅವರು, "ಬರ್ತದೆ. ಕೇಳುವವರು ಇದ್ದಾರೆ ಅಂತ ಗೊತ್ತಿರ್ಲಿಲ್ಲ," ಎಂದರು. ಅವತ್ತು ಪೂರ್ತಿ ಹಾಡು ನುಡಿಸಿದರು.

ಅದಾದ ಕೆಲವು ದಿನಗಳಲ್ಲೇ ಅವರ ಡಬ್ಬಿ ಹಗುರವಾಯಿತು.

ಮೊದಲ ದಿನ ಎತ್ತುವಾಗ ತೂಕ ಸಿಗದೆ ಕೈ ಮೇಲಕ್ಕೆ ಹಾರಿತು. ಅಲ್ಲಾಡಿಸಿದರೆ ಒಳಗೆ ನೀಲಿ ನೀರಿನ ಸದ್ದು ಮಾತ್ರ. ನಿನ್ನೆ ಉಪವಾಸವೋ ಏನೋ ಅಂದುಕೊಂಡೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮನುಷ್ಯ ಮಾತ್ರ ಎದುರಿಗೆ ಕೂತು ಚೆನ್ನಾಗಿಯೇ ಊಟ ಮಾಡುತ್ತಿದ್ದರು. ತಿಂದದ್ದೆಲ್ಲ ಹೊಟ್ಟೆಯಲ್ಲೇ ನಿಂತುಬಿಟ್ಟಿದೆ ಎಂದು ನನಗೆ ಗಾಬರಿಯಾಯಿತು. ಆದರೆ ಕೇಳುವುದು ಹೇಗೆ? ಡಬ್ಬಿಯ ಮಾತು ಆಡುವಂತಿಲ್ಲ. ಅದಕ್ಕೆ ಮಾತಾಡದೆ ಏನು ಮಾಡಬಹುದೋ ಅದನ್ನು ಮಾಡಿದೆ. ಸಂತೆಯ ದೋಣಿ ಬಂದಾಗ ಪಪ್ಪಾಯಿ ಕೊಂಡು ಹೋಳು ಮಾಡಿ ಕೊಟ್ಟೆ. ಬಸಳೆ ಸಾರು ಮಾಡಿ ಕೊಟ್ಟೆ. ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿಯನ್ನು ಬೆಳಿಗ್ಗೆ ಲೋಟದ ಸಮೇತ ಕೊಟ್ಟೆ.

"ಇದೆಲ್ಲ ಯಾಕೆ ಶಾಂಭವಿಯವರೇ?" ಎಂದು ಅವರು ಕೇಳಿದರು. ಮುಖ ಬಿಳುಚಿಕೊಂಡಿತ್ತು.

"ಎಂತದೂ ಇಲ್ಲ. ಜಾಸ್ತಿ ಉಳಿದಿತ್ತು. ತಿನ್ನಿ, ಬಿಡಬೇಡಿ."

ಅವರು ನನ್ನ ಮುಖ ನೋಡಿ, ಪಪ್ಪಾಯಿಯ ಮುಖ ನೋಡಿ, ಒಂದೂ ಬಿಡದೆ ತಿಂದರು. ಬೇಡ ಎನ್ನಲು ಬಾರದ ಮನುಷ್ಯ. ಮರುದಿನ ಡಬ್ಬಿ ಇನ್ನೂ ಹಗುರವಾಗಿತ್ತು.

ಆಮೇಲೆ ಅದು ಒಮ್ಮೆಗೇ ಭಾರವಾಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಾಲುದಾರಿಯ ಉದ್ದಕ್ಕೂ ಹಾಡು ಗುನುಗಿಕೊಂಡು ಹೋದೆ. ಸುರಿಕಟ್ಟೆಯಲ್ಲಿ ಬಗ್ಗಿಸಿದರೆ ಬಂದದ್ದು ಶುದ್ಧ ನೀರು, ಸ್ವಲ್ಪ ನೀಲಿ. ಯಾರೋ ಬೇಕೆಂದೇ ಕೊಡದಿಂದ ತುಂಬಿಸಿದ್ದು. ಬದಿಯಲ್ಲಿ ಪೊರಕೆ ಹಿಡಿದು ನಿಂತಿದ್ದ ದುಗ್ಗಜ್ಜಿ ಕೊಳವೆಯ ಬಾಯಿಯನ್ನೂ ನನ್ನ ಮುಖವನ್ನೂ ನೋಡಿದಳು.

"ಇದು ಎಷ್ಟು ದಿನದಿಂದ?" ಎಂದು ಕೇಳಿದಳು.

ನಾನು ಡಬ್ಬಿಗೆ ನೀರು ಹಾಕಿ ಕುಲುಕತೊಡಗಿದೆ.

"ನೀನು ಹೇಳ್ಬೇಡ. ನಿನ್ನ ಕಟ್ಟು ನಿನಗುಂಟು. ಆದ್ರೆ ನೋಡು ಮಗಾ, ಕೊಗ್ಗ ನಿನ್ನೆ ಬಂದಿದ್ದ. ಧರ್ಣಪ್ಪ ದಿನಾ ಬೆಳಕು ಹರಿಯುವಾಗ ಸಣ್ಣ ದೋಣಿ ತಗೊಂಡು ಮೇಲಕ್ಕೆ ಹೋಗ್ತಾರಂತೆ. ಏಡಿ ಹಿಡಿಯುವಾಗ ನೋಡಿದ್ದಾನೆ. ನೀನು ಅವರ ಡಬ್ಬಿಯನ್ನು ಒಂದೇ ಕೈಯಲ್ಲಿ ಬೀಸಿಕೊಂಡು ಹೋಗೋದನ್ನೂ ನೋಡಿದ್ದಾನೆ. ಅವನ ಮನೆಯಲ್ಲಿ ಚಿಕ್ಕದಕ್ಕೆ ಹೊಟ್ಟೆನೋವು ಬೇರೆ. ಡಬ್ಬಿಗೆ ಬರದೇ ಇದ್ದದ್ದು ಎಲ್ಲಿಗೆ ಹೋಗ್ತಾ ಉಂಟು ಅಂತ ಕೇಳಿದ. ನಾನು ಎಂತ ಹೇಳ್ಲಿ? ನಾಳೆ ಸಂಜೆ ಎಲ್ಲರನ್ನೂ ಕಟ್ಟೆಗೆ ಕರೆದಿದ್ದೇನೆ."

ನಮ್ಮೂರಿನಲ್ಲಿ ಹೊಳೆಗೆ ಸುರಿದವರ ಹಗ್ಗ ಬಿಚ್ಚುತ್ತಾರೆ. ಬೈಗುಳವಿಲ್ಲ, ಹೊಡೆತವಿಲ್ಲ, ದಡದ ಗೂಟದಿಂದ ಹಗ್ಗ ಬಿಚ್ಚಿ ದೋಣಿಯನ್ನು ನೀರಿಗೆ ನೂಕುತ್ತಾರೆ, ಅವರು ಮತ್ತೆ ಇಲ್ಲಿ ಕಟ್ಟುವ ಹಾಗಿಲ್ಲ. ನಾನು ಚಿಕ್ಕವಳಿದ್ದಾಗ ಒಬ್ಬರದನ್ನು ಹೀಗೆ ಬಿಚ್ಚಿದ್ದರು. ಅಮ್ಮ ಅವರಿಗೆ ದಾರಿಗೆಂದು ಬುತ್ತಿ ಕಟ್ಟಿ ಕೊಟ್ಟು, ಮನೆಗೆ ಬಂದು ಅತ್ತಿದ್ದಳು. ಆ ದೋಣಿ ತಿರುವಿನಲ್ಲಿ ಮರೆಯಾಗುವ ತನಕ ಒಳಗಿನ ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.

ಧರ್ಣಪ್ಪನವರು ಹಾಗೆ ಮಾಡುವವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತು ಎಂದರೆ ಯಾರು ನಂಬುತ್ತಾರೆ? ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನೂ ನನ್ನ ಸಣ್ಣ ದೋಣಿಯಲ್ಲಿ ಕೂತೆ. ಅವರು ಹೊರಟರು. ಸ್ವಲ್ಪ ದೂರ ಬಿಟ್ಟು ನಾನೂ ಹೊರಟೆ. ಮಂಜಿತ್ತು. ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ನೋಡುವಷ್ಟು ಪುರುಸೊತ್ತಿದ್ದವರ ಹಾಗೆ ಕಾಣಲಿಲ್ಲ. ಪ್ರಾಣ ಹೋಗುವವರ ಹಾಗೆ ಹುಟ್ಟು ಹಾಕುತ್ತಿದ್ದರು. ಮೇಲಕ್ಕೆ ಹೋಗಿ, ಸುಳಿ ಇಲ್ಲದ ಕಡೆ ಹೊಳೆ ದಾಟಿ, ಆಚೆ ದಡಕ್ಕೆ ದೋಣಿ ತಾಗಿಸಿ, ಹಗ್ಗವನ್ನು ಅರ್ಧಂಬರ್ಧ ಕಟ್ಟಿ ಓಡಿದರು. ಐವತ್ತು ದಾಟಿದ ಗಂಡಸು ಪಂಚೆ ಎತ್ತಿಕೊಂಡು ಓಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಚೆ ದಡ ನೆಲದವರ ಊರು. ಅಲ್ಲಿ ರಸ್ತೆ ಇದೆ, ಬಸ್ಸು ಬರುತ್ತದೆ. ನಾನು ಹಿಂದೆಯೇ ಹತ್ತಿ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಸಾರ್ವಜನಿಕ ಶೌಚಾಲಯವಿತ್ತು. ಅದರ ಮುಂದಿನ ಸಾಲಿನಲ್ಲಿ ಲಾರಿಯ ಡ್ರೈವರುಗಳ ನಡುವೆ ನಮ್ಮ ಧರ್ಣಪ್ಪನವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿದ್ದರು. ನಾನು ಬೇವಿನ ಮರದ ಮರೆಗೆ ಸರಿದೆ. ಅವರ ಸರದಿ ಬಂತು, ಒಳಗೆ ಹೋದರು. ನನಗೆ ನಗು ಬಂತು. ಜತೆಗೇ ಕಣ್ಣಲ್ಲಿ ನೀರೂ ಬಂತು. ಹೊಳೆಗೆ ಅವರು ಏನನ್ನೂ ಹಾಕಿಲ್ಲ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದವರು ನನ್ನನ್ನು ನೋಡಿ ನಿಂತ ಕಡೆಯೇ ನಿಂತರು.

"ನೀವು... ಬಸ್ಸಿಗಾ?" ಎಂದರು.

"ಅಲ್ಲ. ನಿಮ್ಮನ್ನು ಹುಡುಕಿಕೊಂಡು."

ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೇ ನೋಡುತ್ತಿದ್ದರು. ನಾನೇ ಶುರು ಮಾಡಿದೆ.

"ಡಬ್ಬಿಯ ಮಾತು ಆಡಬಾರದು ಅಂತ ನನಗೂ ಗೊತ್ತುಂಟು. ಆದ್ರೆ ಇದು ಆಚೆ ದಡ, ಇಲ್ಲಿ ನಮ್ಮ ಕಟ್ಟು ಇಲ್ಲ. ಅದಕ್ಕೆ ಕೇಳ್ತೇನೆ. ಮನೆಯಲ್ಲಿ ಇರುವಾಗ ಇಷ್ಟು ದೂರ ಯಾಕೆ ಬರ್ತೀರಿ?"

ಅವರು ಕೈಯಲ್ಲಿದ್ದ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ, "ಮಧ್ಯಾಹ್ನ ನಿಮ್ಮ ಹತ್ರ ಕೂತು ಹಾಡಿನ ಮಾತಾಡೋದು. ಬೆಳಿಗ್ಗೆ ನೋಡಿದ್ರೆ ನೀವು ನನ್ನ... ಅದನ್ನು ಹಿಡ್ಕೊಂಡು ಹಲಗೆ ಮೇಲೆ ನಡ್ಕೊಂಡು ಹೋಗೋದು. ನನ್ನಿಂದ ನೋಡ್ಲಿಕ್ಕೆ ಆಗ್ಲಿಲ್ಲ," ಎಂದರು.

"ಇಷ್ಟು ವರ್ಷದಿಂದ ನಾನೇ ಹೊರ್ತಾ ಇದ್ದೇನಲ್ಲ?"

"ಇಷ್ಟು ವರ್ಷ ನೀವು ನನಗೆ ಕೆಳಮನೆಯವರು ಮಾತ್ರ ಆಗಿದ್ರಿ."

ಚಹಾ ಕುಡಿಯಲು ಲೋಟ ಎತ್ತಿದವಳು ಹಾಗೇ ಕೆಳಗಿಟ್ಟೆ. ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತು, ಕಂಡಕ್ಟರು ಯಾವುದೋ ಊರಿನ ಹೆಸರು ಕೂಗಿ, ಬಸ್ಸು ಹೊರಟುಹೋಯಿತು.

"ಹಾಗಾದ್ರೆ ದೋಣಿಯನ್ನು ಬೇರೆ ಕಡೆ ಕಟ್ಟಬಹುದಿತ್ತಲ್ಲ?" ಎಂದೆ. ಏನಾದರೂ ಹೇಳಬೇಕಿತ್ತು, ಅದಕ್ಕೆ.

"ವಿಚಾರಿಸಿದ್ದೆ. ಕೆಳತುದಿಯಲ್ಲಿ ಒಂದು ಜಾಗ ಉಂಟಂತೆ. ಹೋಗಿ ನೋಡಿ ಬಂದೆ. ಅಲ್ಲಿಗೆ ನಿಮ್ಮ ಮೆಷಿನಿನ ಶಬ್ದ ಕೇಳೋದಿಲ್ಲ."

"ಮತ್ತೆ ಆ ನೀರು? ಡಬ್ಬಿಗೆ ನೀರು ತುಂಬಿಸಿದ್ದು?"

"ನಿಮಗೆ ಚಿಂತೆ ಆಗ್ತಾ ಉಂಟು ಅಂತ ಗೊತ್ತಾಯ್ತು. ಭಾರ ಇದ್ರೆ ಪಪ್ಪಾಯಿ ನಿಲ್ತದೇನೋ ಅಂತ." ಅವರು ಮೊದಲ ಬಾರಿ ನನ್ನ ಮುಖ ನೋಡಿದರು. "ನೀವು ತಿನ್ನಿಸಿದಷ್ಟೂ ನಾನು ಹುಟ್ಟು ಹಾಕಬೇಕಾಯ್ತು ಮಾರಾಯ್ರೆ. ಬಸಳೆ ಸಾರಿನ ದಿನ ಎರಡು ಸಲ ದಾಟಿದ್ದೇನೆ ಹೊಳೆ."

ನಾನು ನಕ್ಕ ನಗುವಿಗೆ ಚಹಾದಂಗಡಿಯವನು ಹಾಲಿನ ಪಾತ್ರೆ ಬಿಟ್ಟು ತಿರುಗಿ ನೋಡಿದ. ಅವರೂ ನಕ್ಕರು. ಇಬ್ಬರೂ ನಗು ನಿಲ್ಲಿಸಿದ ಮೇಲೆ ನಾನು ಸಂಜೆಯ ವಿಷಯ ಹೇಳಿದೆ. ಅವರ ಮುಖ ಇಳಿಯಿತು.

"ನೀವು ಇಲ್ಲಿಗೆ ಬರ್ತಾ ಇದ್ದದ್ದನ್ನು ಅಲ್ಲಿ ಹೇಳಿ. ಮುಗೀತದೆ," ಎಂದೆ.

"ಯಾಕೆ ಹೋಗ್ತೀಯಾ ಅಂತ ಕೇಳ್ತಾರೆ. ಅದನ್ನು ಹೇಳಿದ್ರೆ ನಿಮ್ಮ ಹೆಸರು ಬರ್ತದೆ. ಒಬ್ಬರೇ ಇರುವ ಹೆಂಗಸು ನೀವು. ನಿಮ್ಮನ್ನು ಕೇಳದೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕೆ ಊರಿನ ಎದುರು ನಿಮ್ಮನ್ನು ಯಾಕೆ ನಿಲ್ಲಿಸ್ಲಿ?"

"ಹಗ್ಗ ಬಿಚ್ಚುತ್ತಾರೆ!"

"ಬಿಚ್ಚಲಿ," ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಚಹಾ ಮುಗಿಸದೆ ಎದ್ದು ಬಂದೆ. ಅವರೂ ಹಿಂದೆಯೇ ಬಂದರು. ಎರಡು ದೋಣಿಗಳೂ ಅಕ್ಕಪಕ್ಕದಲ್ಲೇ ಹೊಳೆ ದಾಟಿದವು, ನಾನು ಅವರ ಕಡೆ ನೋಡಲಿಲ್ಲ.

ಅವತ್ತು ಹೊಲಿಗೆ ನೆಟ್ಟಗೆ ಬರಲಿಲ್ಲ. ಒಂದು ಪರದೆಯ ಅಂಚನ್ನು ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಮನುಷ್ಯ ಹೊರಟುಹೋದರೆ ನನಗೇನು ಎಂದು ಕೇಳಿಕೊಂಡೆ. ಅವರ ವಿಷಯ ನನಗೆ ಗೊತ್ತಿರುವುದಾದರೂ ಏನು? ಯೋಚಿಸಿದರೆ, ಬಹಳ ಗೊತ್ತಿತ್ತು. ಬೀಟ್‌ರೂಟ್ ಎಂದರೆ ಇಷ್ಟ ಎಂದು ಗೊತ್ತಿತ್ತು. ಹೆಂಡತಿಯ ತಿಥಿಯ ದಿನ ಏನೂ ತಿನ್ನುವುದಿಲ್ಲ ಎಂದು ಗೊತ್ತಿತ್ತು. ಊರಲ್ಲಿ ಎಷ್ಟೋ ಮನೆಯವರು ಡಬ್ಬಿಯನ್ನು ಹೇಗೆ ಬೇಕೋ ಹಾಗೆ ಇಟ್ಟುಬಿಡುತ್ತಾರೆ. ಧರ್ಣಪ್ಪನವರ ಡಬ್ಬಿಯ ಹಿಡಿಕೆ ಇಷ್ಟು ವರ್ಷದಲ್ಲಿ ಒಂದು ದಿನವೂ ಒದ್ದೆಯಾಗಿರಲಿಲ್ಲ. ಒರೆಸಿ, ಮೇಲೆ ಒಗೆದ ಬಟ್ಟೆ ಮುಚ್ಚಿ ಇಟ್ಟಿರುತ್ತಿದ್ದರು. ನಾನು ಅವರಿಗೆ ಯಾರೂ ಅಲ್ಲದಿದ್ದ ಕಾಲದಲ್ಲೂ ಅದು ಹಾಗೇ ಇತ್ತು. ಅಂಥ ಮನುಷ್ಯ ನನ್ನ ಮಗ್ಗುಲಿನಿಂದ ಹೋಗುವುದು ನನಗೆ ಬೇಡವಾಗಿತ್ತು. ಇಷ್ಟು ತಿಳಿಯಲು ಒಂದು ಇಡೀ ಪರದೆ ಹಾಳಾಯಿತು.

ಸಂಜೆ ಸುರಿಕಟ್ಟೆಯಲ್ಲಿ ಊರೆಲ್ಲ ಸೇರಿತ್ತು. ದುಗ್ಗಜ್ಜಿ ಮಗುಚಿದ ಬಕೆಟಿನ ಮೇಲೆ ಕೂತಿದ್ದಳು. ಕೊಗ್ಗಣ್ಣ ಎದ್ದು ನಿಂತು ತಾನು ಕಂಡದ್ದನ್ನು ಹೇಳಿದ. "ನನಗೆ ಅವರ ಮೇಲೆ ದ್ವೇಷ ಇಲ್ಲ. ನನ್ನ ರೇಡಿಯೋ ಸರಿ ಮಾಡಿ ಕೊಟ್ಟವರು. ಆದ್ರೆ ನಾನು ಕೆಳಗೆ ಇರುವವ. ಮೇಲಿನಿಂದ ಬಂದದ್ದನ್ನು ನನ್ನ ಮಕ್ಕಳು ಕುಡೀತಾರೆ," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

"ಧರ್ಣಪ್ಪ, ಹೊಳೆಗೆ ಹಾಕಿದ್ದು ಉಂಟಾ?" ಎಂದು ದುಗ್ಗಜ್ಜಿ ಕೇಳಿದಳು.

"ಒಂದು ಹನಿ ಹಾಕಿಲ್ಲ."

"ಮತ್ತೆ ಡಬ್ಬಿಯಲ್ಲಿ ಯಾಕಿಲ್ಲ? ಎಲ್ಲಿಗೆ ಹೋಗ್ತದೆ?"

ಅವರು ತಲೆ ತಗ್ಗಿಸಿ ನಿಂತರು. ದುಗ್ಗಜ್ಜಿ ಕಾದಳು. ಹಿಂದಿನಿಂದ ಯಾರೋ, "ಸುಮ್ಮನಿದ್ರೆ ಹಾಕಿದ ಹಾಗೇ ಅಲ್ವಾ," ಎಂದರು. ಗೂಟದ ಬಳಿ ನಿಂತಿದ್ದವನೊಬ್ಬ ಅವರ ದೋಣಿಯ ಹಗ್ಗದ ಕಡೆ ನೋಡಿದ.

ನಾನು ಎದ್ದು ನಿಂತೆ.

"ಆಚೆ ದಡದ ಬಸ್ ಸ್ಟ್ಯಾಂಡಿಗೆ ಹೋಗ್ತದೆ," ಎಂದೆ. "ನಾನು ಇವತ್ತು ಬೆಳಿಗ್ಗೆ ಕಣ್ಣಾರೆ ನೋಡಿ ಬಂದೆ. ಸಾಲಿನಲ್ಲಿ ನಿಂತು, ಅಲ್ಲಿಯ ಪಾಯಖಾನೆಗೆ ಹೋಗಿ ಬರ್ತಾರೆ. ದಿನಾ."

ಜನ ಗೊಳ್ಳೆಂದು ನಕ್ಕರು. ದುಗ್ಗಜ್ಜಿ ನಗಲಿಲ್ಲ. "ಮನೆಯಲ್ಲಿ ಡಬ್ಬಿ ಇರುವಾಗ ಇದೆಂತ ಸಂಕಟ ಅವರಿಗೆ?"

"ನಾನು ಹೊರಬಾರದು ಅಂತ."

ಹೆಂಗಸರ ನಗು ಮೊದಲು ನಿಂತಿತು. ಗಂಡಸರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಧರ್ಣಪ್ಪನವರ ಕಿವಿ ಕೆಂಪಾಗಿತ್ತು. ಕೊಗ್ಗಣ್ಣನಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. "ಹೊಳೆಗೆ ಹಾಕಿಲ್ಲ ಅಂದ್ರೆ ಒಳ್ಳೇದಾಯ್ತು. ಆದ್ರೂ ತಪ್ಪು ತಪ್ಪೇ ಅಲ್ವಾ ಅಜ್ಜಿ? ಯಾರೂ ತಮ್ಮದನ್ನು ತಾವು ಹೊರಬಾರದು. ಇವರು ದಿನಾ ತಮ್ಮದನ್ನು ತಾವೇ ಹೊತ್ತುಕೊಂಡು ಹೊಳೆ ದಾಟಿದ್ದಾರೆ, ಹೊಟ್ಟೆಯಲ್ಲಿ!"

ಈ ಸಲ ದುಗ್ಗಜ್ಜಿಯೂ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಧರ್ಣಪ್ಪ ಎಂದು ಮೆತ್ತಗೆ ಕರೆದಳು.

"ನಿನ್ನ ನಾಚಿಕೆ ನನಗೆ ಅರ್ಥ ಆಗ್ತದೆ. ಆದ್ರೆ ಕೊಗ್ಗ ಹೇಳಿದ್ದು ತಮಾಷೆ ಅಲ್ಲ. ಇವತ್ತು ನಿನಗೆ ನಾಚಿಕೆ. ನಾಳೆ ಇನ್ನೊಬ್ಬರಿಗೆ ಹೇಸಿಗೆ. ನಾಡಿದ್ದು ಎಲ್ಲರೂ ಸೇರಿ, ಹೊರ್ಲಿಕ್ಕೆ ಅಂತಲೇ ಒಂದು ಮನೆ ಹುಡುಕ್ತೀರಿ. ಆ ಮನೆಯ ಮಕ್ಕಳಿಗೂ ಅದೇ ಕೆಲಸ ಕೊಡ್ತೀರಿ. ಅದು ಈ ಊರಿನಲ್ಲಿ ಬೇಡ. ಒಂದೋ ನಿನ್ನ ಡಬ್ಬಿ ಶಾಂಭವಿ ಹೊರಲಿ. ಇಲ್ಲ, ದೋಣಿ ಬಿಚ್ಚಿ ಕೆಳತುದಿಯಲ್ಲಿ ಕಟ್ಟು. ಬೇರೆ ಯಾರಾದ್ರೂ ಹೊರ್ತಾರೆ."

ಧರ್ಣಪ್ಪನವರು ತಲೆ ಎತ್ತಿದರು. ಕೆಳತುದಿಗೆ ಹೋಗುತ್ತೇನೆ ಎಂದು ಹೇಳಲು ಹೊರಟಿದ್ದಾರೆ ಎಂದು ನನಗೆ ಅವರ ಮುಖ ನೋಡಿಯೇ ತಿಳಿಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಮಾತಾಡಿದೆ.

"ಎರಡು ದೋಣಿ ಸೇರಿಸಿ ಕಟ್ಟಿದ್ರೆ ಆಗೋದಿಲ್ವಾ ಅಜ್ಜಿ? ಒಂದೇ ಮನೆ ಅಂತ ಆದ್ರೆ, ಆ ಡಬ್ಬಿ ನಾನು ಹೊರುವ ಹಾಗೇ ಇಲ್ಲವಲ್ಲ. ನಮ್ಮ ಮನೆಯದ್ದೇ ಆಯ್ತಲ್ಲ."

ಆಮೇಲೆ ನನಗೆ ಹೊಳೆಯಿತು, ಕೇಳಬೇಕಾದವರನ್ನು ನಾನು ಕೇಳಿಯೇ ಇಲ್ಲ. ತಿರುಗಿ, "ಅವರು ಒಪ್ಪಿದ್ರೆ," ಎಂದು ಸೇರಿಸಿದೆ.

ಧರ್ಣಪ್ಪನವರು ಹೌದು ಎನ್ನಲು ಎರಡು ಸಲ ಬಾಯಿ ತೆರೆದರು. ಕೊನೆಗೆ ತಲೆಯನ್ನು ಎಷ್ಟು ಜೋರಾಗಿ ಆಡಿಸಿದರೆಂದರೆ ಕನ್ನಡಕ ಕೆಳಗೆ ಬಿತ್ತು. ಅದನ್ನು ಹೆಕ್ಕಲು ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು, ಪಕ್ಕದವರು ಬೆನ್ನು ತಟ್ಟಿ ಎಬ್ಬಿಸಬೇಕಾಯಿತು.

"ಅಯ್ಯೋ ದೇವರೇ," ಎಂದ ಕೊಗ್ಗಣ್ಣ, ಸೊಂಟದ ಮೇಲೆ ಕೈ ಇಟ್ಟುಕೊಂಡು. "ಹಾಗಾದ್ರೆ ಇನ್ನು ಇಬ್ಬರದ್ದೂ ನಾನೇ ಹೊರಬೇಕಾ?"

ಊರು ನಕ್ಕ ನಗು ಆಚೆ ದಡಕ್ಕೂ ಕೇಳಿಸಿರಬೇಕು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಎರಡು ದೋಣಿಗಳನ್ನು ಸೇರಿಸಿ ಕಟ್ಟಿದರು. ನಮ್ಮಲ್ಲಿ ಮದುವೆ ಎಂದರೆ ಅದೇ. ಹೊಸ ಹಗ್ಗ ತಂದು, ನೀರಿಗಿಳಿದು ಗಂಟು ಹಾಕಿದವನು ಕೊಗ್ಗಣ್ಣ. ಏಡಿಯ ಸಾರು ಮಾಡಿಸಿ ಬಡಿಸಿದ್ದೂ ಅವನೇ. ದುಗ್ಗಜ್ಜಿ ಎರಡೆರಡು ಸಲ ಬಡಿಸಿಕೊಂಡು ಉಂಡು, ಹಗ್ಗವನ್ನು ಕಾಲಿನಿಂದ ಒತ್ತಿ ನೋಡಿ, ಗಟ್ಟಿ ಉಂಟು ಎಂದು ಹೇಳಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಜನ ಖಾಲಿಯಾದರು. ಎರಡು ದೋಣಿಗಳು ಮೈಗೆ ಮೈ ತಿಕ್ಕಿಕೊಂಡು ಕಿರುಗುಟ್ಟುತ್ತಿದ್ದವು. ನಾನು ನನ್ನ ಬಾಗಿಲಿನಲ್ಲಿ ಕೂತಿದ್ದೆ. ಧರ್ಣಪ್ಪನವರು ತಮ್ಮ ದೋಣಿಯ ಅಂಚಿನಲ್ಲಿ, ಕಂಕುಳಲ್ಲಿ ಒಂದು ತಲೆದಿಂಬು ಇಟ್ಟುಕೊಂಡು, ಈಚೆ ದಾಟಲೋ ಬೇಡವೋ ಎಂದು ನಿಂತಿದ್ದರು.

ನನಗೆ ಕೀಟಲೆ ಮಾಡಬೇಕೆನಿಸಿತು. "ಅಲ್ಲ, ನಾನು ಹೊತ್ತರೆ ಅಷ್ಟು ನಾಚಿಕೆ ನಿಮಗೆ. ನಾಳೆಯಿಂದ ಕೊಗ್ಗಣ್ಣ ಹೊರ್ತಾನಲ್ಲ, ಅವನೆದುರು ನಾಚಿಕೆ ಆಗೋದಿಲ್ವಾ?" ಎಂದು ಕೇಳಿದೆ.

ಅವರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿ, ಬಹಳ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು.

"ಕೊಗ್ಗಣ್ಣನ ಮೇಲೆ ನನಗೆ ಪ್ರೀತಿ ಇಲ್ಲವಲ್ಲ."

ಆ ಶಬ್ದ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು, ಅದೂ ಕೊಗ್ಗಣ್ಣನ ಹೆಸರಿನ ಜತೆಗೆ. ಹೇಳಿದ ಮೇಲೆ ಹೇಳಿದ್ದೇನೆಂದು ಅವರಿಗೆ ತಿಳಿದಿರಬೇಕು, ತಲೆದಿಂಬನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡರು. ಅಲ್ಲಿಯವರೆಗೆ ನಾನು ಅವರನ್ನು ನೀವು, ಬನ್ನಿ, ಕೂತುಕೊಳ್ಳಿ ಎಂದೇ ಮಾತಾಡಿಸಿದ್ದವಳು. ಅವತ್ತು ನಾಲಗೆಗೆ ಬೇರೆಯೇ ಬಂತು.

"ಬಾರೋ ಒಳಗೆ," ಎಂದೆ.

ಅವನು ಚಪ್ಪಲಿ ಕಳಚಿಟ್ಟು, ಬಾಗಿಲಿನಲ್ಲಿ ತಲೆ ತಗ್ಗಿಸಿ, ಒಳಗೆ ಬಂದ.